ಅಂಕಿ ಬದಲಾಯಿತು, ಕಂಟ್ರೋಲರ್ ಕಾಣೆಯಾಯಿತು!

ಮುಂಬಯಿ, ಪುಣೆಗಳಲ್ಲಿ ಸರ್ವರ್ ನೋಡಿಕೊಳ್ಳುವ ತರುಣ ಮಿತ್ರರೇ, ಈ ಸಂಗತಿ ನಿಮಗೆ ಗೊತ್ತಿರಲಿ. 2011ರ ಜುಲೈಯಲ್ಲಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್‌ಗೆ 2.6.39ರ ನಂತರ 2.6.40 ಎನ್ನದೆ 3.0 ಎಂದು ಹೆಸರಿಟ್ಟರು. ಹೆಚ್ಚುಕಡಿಮೆ ಅಂಕಿಯಷ್ಟೇ ಬದಲು. ಆದರೆ ರೇಡ್ ಕಂಟ್ರೋಲರುಗಳ ಉಸ್ತುವಾರಿ ತಂತ್ರಾಂಶಗಳಲ್ಲಿ ಕೆಲವು, ಎಚ್‌ಪಿಯದೂ ಸೇರಿ, '2.6' ಕಾಣದೆ 'ಕಂಟ್ರೋಲರೇ ಇಲ್ಲ' ಎಂದುಬಿಟ್ಟವು! ಡಿಸ್ಕುಗಳೇನೋ ಓಡುತ್ತಲೇ ಇದ್ದವು. ಅಪಾಯವಿದ್ದದ್ದೇ ಅಲ್ಲಿ. ರೇಡ್ 5ರಲ್ಲಿ ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುತ್ತದೆ. ಅದು ಯಾರಿಗೂ ತಿಳಿಯದೆ ಇನ್ನೊಂದೂ ಕೆಟ್ಟರೆ ಎಲ್ಲವೂ ಹೋಯಿತು. ಆದ್ದರಿಂದ ಕರ್ನೆಲ್ ಬದಲಿಸಿದ ದಿನ, ಯಂತ್ರ ಎದ್ದಿತೆಂದು ಮನೆಗೆ ಹೊರಡಬೇಡಿ. ಪ್ರತಿ ಡಿಸ್ಕಿನ ಸ್ಥಿತಿ ಕೇಳಿ ನೋಡಿ. ಆಗಿನ ತೊಡಕಿಗೆ 3.1ರಲ್ಲೇ 'ಯುನೇಮ್26' ಎಂಬ ಉಪಾಯ ಬಂತು: ಹಳೆಯ ತಂತ್ರಾಂಶ ಕೇಳಿದರೆ ಕರ್ನೆಲ್ ತನ್ನನ್ನು 2.6.41 ಎಂದು ಹೇಳಿಕೊಳ್ಳುತ್ತದೆ. ಸುಳ್ಳೇ ಸರಿ, ಆದರೆ ಕಂಟ್ರೋಲರ್ ಕಾಣಿಸಿತು.