ಗಾಜಿನ ತುದಿಗೆ ತುದಿ ಕೂಡಿದ ಬಗೆ

ತಾಮ್ರದ ತಂತಿ ತುಂಡಾದರೆ ಎರಡೂ ತುದಿ ಸುಲಿದು, ಹೊಸೆದು, ಟೇಪ್ ಸುತ್ತಿದರೆ ಸಾಕಿತ್ತು; ಫೋನು ಮತ್ತೆ ಮಾತಾಡುತ್ತಿತ್ತು. ಗಾಜಿನ ಎಳೆಯನ್ನು ಹೊಸೆಯಲಾಗದು. ಆಪ್ಟಿಕಲ್ ಫೈಬರಿನ ಚರಿತ್ರೆ ಹೇಳುವವರು ಗಾಜನ್ನು ಶುದ್ಧಗೊಳಿಸಿದವರ ಕಥೆಗೇ ನಿಲ್ಲುತ್ತಾರೆ. ಆದರೆ ಆ ಗಾಜು ಊರೂರಿಗೆ ಹಬ್ಬಿದ್ದು, ಅದರ ತುದಿಗಳನ್ನು ಕೂಡಿಸುವ ವಿದ್ಯೆ ಕೈಗೆ ಬಂದ ಮೇಲೆ.

ಶುದ್ಧಿಯ ಕಥೆಯೂ ಸಣ್ಣದಲ್ಲ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆಗೂಡಿ, ಗಾಜಿನೆಳೆಗಳ ಕಟ್ಟಿನೊಳಗಿಂದ ಚಿತ್ರ ಸಾಗಿಸಬಹುದೆಂದು 1954ರಲ್ಲಿ ತೋರಿಸಿದರು. ದೂರಸಂಪರ್ಕಕ್ಕೆ ಅದು ಸಾಲದು. ಆಗಿನ ಗಾಜಿನಲ್ಲಿ 20 ಮೀಟರ್ ಹೋಗುವಷ್ಟರಲ್ಲಿ ಬೆಳಕಿನ ನೂರರಲ್ಲೊಂದು ಪಾಲು ಉಳಿಯುತ್ತಿತ್ತು. ತಪ್ಪು ಗಾಜಿನದಲ್ಲ, ಅದರೊಳಗಿನ ಕಲ್ಮಶದ್ದು ಎಂದು ಇಂಗ್ಲೆಂಡಿನ ಹಾರ್ಲೋದಲ್ಲಿದ್ದ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕಮ್ 1966ರಲ್ಲಿ ವಾದಿಸಿದರು. ಅಷ್ಟೇ ಬೆಳಕು ಒಂದು ಕಿಲೋಮೀಟರಿನ ಕೊನೆಗೆ ಉಳಿದರೂ ಫೋನು ನಡೆಸಬಹುದು ಎಂಬುದು ಅವರ ಲೆಕ್ಕ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಮೌರರ್, ಕೆಕ್ ಮತ್ತು ಶುಲ್ಟ್ಸ್ ಆ ಗಡಿ ದಾಟಿದರು. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು.

1977ರಲ್ಲಿ ಷಿಕಾಗೋದ ನೆಲದಡಿಯ ಕೇಬಲಿನಲ್ಲಿ ಜನರ ಫೋನ್ ಕರೆಗಳು ಬೆಳಕಾಗಿ ಹರಿದವು. ಆ ಕಾಲದ ಫೈಬರಿನಲ್ಲಿ ಬೆಳಕು ಹೋಗುವ ನಡುದಾರಿ, ಅಂದರೆ ಕೋರ್, ಸಾಕಷ್ಟು ಅಗಲವಿತ್ತು. ಜೋಡಣೆ ಕೊಂಚ ಓರೆಯಾದರೂ ನಡೆಯುತ್ತಿತ್ತು. 1980ರ ದಶಕದಲ್ಲಿ ಸಿಂಗಲ್ ಮೋಡ್ ಫೈಬರ್ ಬಂದಾಗ ಅಂಥ ಸಲಿಗೆಗೆ ಜಾಗ ಉಳಿಯಲಿಲ್ಲ. ಇಡೀ ಗಾಜು 125 ಮೈಕ್ರಾನ್, ಒಳಗಿನ ಕೋರ್ ಸುಮಾರು 9 ಮೈಕ್ರಾನ್. ಎದುರುಬದುರಾದ ಎರಡು ಕೋರ್‌ಗಳು 2 ಮೈಕ್ರಾನ್ ಪಕ್ಕಕ್ಕೆ ಸರಿದರೂ ಬೆಳಕಿನ ಆರನೇ ಒಂದರಷ್ಟು ಅಲ್ಲೇ ಸೋರುತ್ತದೆ.

ಒಂದು ದಾರಿ, ಬೆಸೆದುಬಿಡುವುದು. ರಸ್ತೆ ಅಗೆದು ಫೈಬರ್ ಕಟ್ ಆದ ಕಡೆ ಕೂತು ಸ್ಪ್ಲೈಸಿಂಗ್ ಮಾಡುವವರನ್ನು ನಿಂತು ನೋಡಬೇಕು. ಮೇಲಿನ ಲೇಪನ ತೆಗೆದು, ಸ್ಪಿರಿಟ್‌ನಲ್ಲಿ ಒರೆಸಿ, ಕ್ಲೀವರಿನಲ್ಲಿಟ್ಟು ತುದಿಯನ್ನು ನೇರವಾಗಿ ಮುರಿಯುತ್ತಾರೆ. ಯಂತ್ರದ ಪರದೆಯ ಮೇಲೆ ಎರಡು ತುದಿಗಳು ದಪ್ಪ ಕೋಲುಗಳಂತೆ ಕಾಣುತ್ತವೆ, ತಾವಾಗಿಯೇ ಸರಿದು ಮುಖಾಮುಖಿಯಾಗುತ್ತವೆ. ಎರಡು ಸೂಜಿಗಳ ನಡುವೆ ಕಿಡಿ ಹಾರಿ ಗಾಜು ಕರಗಿ ಒಂದಾಗುತ್ತದೆ. ಅದರ ಮೇಲೆ ಸ್ಲೀವ್ ಜಾರಿಸಿ ಬಿಸಿ ಮಾಡಿದರೆ ಜೋಡಣೆ ಭದ್ರ. ಧೂಳು, ಬಿಸಿಲಿನ ನಡುವೆ ಮೈಕ್ರಾನ್ ಲೆಕ್ಕದ ಈ ಕೆಲಸ ಮಾಡುವವರನ್ನು ನಾವು ಕುಶಲಕರ್ಮಿಗಳೆಂದು ಎಣಿಸದಿರುವುದು ಅನ್ಯಾಯ.

ಇನ್ನೊಂದು ದಾರಿ, ಬೇಕಾದಾಗ ಕಳಚಿ ಹಾಕಬಹುದಾದ ಕನೆಕ್ಟರ್. ಇದರ ಜೀವ ಫೆರೂಲ್ ಎಂಬ ಜಿರ್ಕೋನಿಯಾ ಪಿಂಗಾಣಿಯ ಪುಟ್ಟ ಕೊಳವೆಯಲ್ಲಿದೆ. ಹೊರಗೆ 2.5 ಮಿಲಿಮೀಟರ್, ನಡುವೆ ಫೈಬರ್ ಹಿಡಿಸುವಷ್ಟೇ ತೂತು. ಆದರೆ ನೇರವಾಗಿ ನಿಲ್ಲಿಸಿದರಷ್ಟೇ ಸಾಲದು. ಎರಡು ತುದಿಗಳ ನಡುವೆ ಗಾಳಿ ಉಳಿದರೆ ಗಾಜಿನ ಪ್ರತಿ ಮುಖದಿಂದಲೂ ನೂರರಲ್ಲಿ 4 ಪಾಲಿನಷ್ಟು ಬೆಳಕು ಹಿಂದಕ್ಕೆ ಚಿಮ್ಮುತ್ತದೆ. ಹಾಗಾಗಿ ತುದಿಯನ್ನು ತುಸು ಉಬ್ಬಾಗಿ ಪಾಲಿಶ್ ಮಾಡಿ, ಸ್ಪ್ರಿಂಗ್ ಒತ್ತಡದಿಂದ ಗಾಜಿಗೆ ಗಾಜು ತಾಗುವಂತೆ ಮಾಡಿದರು. ಜಪಾನಿನ ಎನ್‌ಟಿಟಿ ಸಂಸ್ಥೆ ಮೊದಲು ತಿರುಪಿನ ಎಫ್‌ಸಿ ಕನೆಕ್ಟರನ್ನೂ, ಆಮೇಲೆ ಒತ್ತಿದರೆ ಕೂರುವ, ಎಳೆದರೆ ಬರುವ ಚೌಕನೆಯ ಎಸ್‌ಸಿಯನ್ನೂ ರೂಪಿಸಿತು. ಮನೆಯ ಇಂಟರ್ನೆಟ್ ಪೆಟ್ಟಿಗೆಯ ಹಿಂದೆ ಸಾಮಾನ್ಯವಾಗಿ ಕಾಣುವುದು ಈ ಎಸ್‌ಸಿಯೇ. ಅದು ಹಸಿರು ಬಣ್ಣದ್ದಾದರೆ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಲಾಗಿದೆ: ಹಿಂದಿರುಗುವ ಬೆಳಕು ಕೋರ್ ಬಿಟ್ಟು ಪಕ್ಕಕ್ಕೆ ಜಾರಲಿ ಎಂದು. ನೀಲಿಯಲ್ಲಿ ಆ ಓರೆ ಇಲ್ಲ. ಹಸಿರಿಗೆ ನೀಲಿ ಚುಚ್ಚಿದರೆ ತುದಿಗಳು ಸರಿಯಾಗಿ ತಾಗುವುದಿಲ್ಲ.

ಇಷ್ಟೆಲ್ಲ ಸಾಧಿಸಿದ ಮೇಲೂ ಒಂದು ಕಣ ಧೂಳು ಸಾಕು ದಾರಿ ಕಟ್ಟಲು. ಬೆರಳು ತಾಗಿದರೆ ಜಿಡ್ಡು ಕೂರುತ್ತದೆ. ಒರೆಸದೆ ಚುಚ್ಚಿದರೆ ಕೊಳೆ ಎದುರಿನ ತುದಿಗೂ ಅಂಟುತ್ತದೆ. ರಿಪೇರಿಗೆ ಬಂದವರ ಚೀಲದಲ್ಲಿ ಕನೆಕ್ಟರ್ ಒರೆಸುವ ಪೆನ್ ಇರಲೇಬೇಕು, ಅದನ್ನು ಬಳಸುವಷ್ಟು ಸಮಯವನ್ನೂ ಅವರಿಗೆ ಕೊಡಬೇಕು. ಮನೆಯವರು ಮಾಡಬೇಕಾದ್ದು ಇಷ್ಟೇ: ಕಳಚಿದ ಕನೆಕ್ಟರಿಗೆ ಮುಚ್ಚಳ ಹಾಕಿಡಿ, ಅದರ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ. ಅಲ್ಲಿ ಹರಿಯುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕು.