ಬೊಜ್ಜಿನೊಳಗೆ ಬೀಡುಬಿಟ್ಟ ಕೋಶಗಳು

ಮಾಸ್ತಿ, ಮಾಲೂರಿನ ಕಡೆ ಯಾರಿಗಾದರೂ ‘ಶುಗರ್ ಬಂತಂತೆ’ ಎಂದರೆ ಕೇಳಿದವರ ಬಾಯಲ್ಲಿ ಮೊದಲು ಬರುವ ಮಾತು: ‘ಅಷ್ಟು ತೆಳ್ಳಗಿದ್ದಾರಲ್ಲ, ಅವರಿಗ್ಯಾಕೆ?’ ಮುದ್ದೆ ಉಂಡು ಟೊಮೆಟೊ ತೋಟದಲ್ಲಿ ದುಡಿದವರ ವಿಷಯದಲ್ಲೂ ಈ ಪ್ರಶ್ನೆ ಏಳುತ್ತದೆ, ನರಸಾಪುರದ ಕಾರ್ಖಾನೆಗಳಲ್ಲಿ ಪಾಳಿ ಕೆಲಸಕ್ಕೆ ಹೋಗುವ ಅವರ ಮಕ್ಕಳ ವಿಷಯದಲ್ಲೂ. ಉತ್ತರದ ದೊಡ್ಡ ಪಾಲು ಇರುವುದು ಕರುಳಿನ ಅಕ್ಕಪಕ್ಕ ಸೇರಿಕೊಳ್ಳುವ ಕೊಬ್ಬಿನಲ್ಲಿ, ಅದರಲ್ಲೂ ಆ ಕೊಬ್ಬಿನೊಳಗೆ ಬಂದು ನೆಲೆಸುವ ರೋಗನಿರೋಧಕ ಕೋಶಗಳಲ್ಲಿ.

ಕೊಬ್ಬೆಂದರೆ ಉಳಿಕೆ ಶಕ್ತಿಯ ಉಗ್ರಾಣ, ಅಷ್ಟೇ ಎಂದು ಬಹುಕಾಲ ನಂಬಲಾಗಿತ್ತು. 1993ರಲ್ಲಿ ಗೋಕನ್ ಹೋತಾಮಿಸ್ಲಿಗಿಲ್, ಬ್ರೂಸ್ ಸ್ಪೀಗಲ್‌ಮನ್ ಮತ್ತು ಸಂಗಡಿಗರು ಬೊಜ್ಜು ಬಂದ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ಪ್ರೋಟೀನು ಹೆಚ್ಚಾಗಿರುವುದನ್ನು ಕಂಡರು. ಸೋಂಕಿಲ್ಲ, ಗಾಯವಿಲ್ಲ, ಆದರೂ ಉರಿಯೂತ! ಅದನ್ನು ತಯಾರಿಸುವವರು ಯಾರೆಂಬುದು ಸ್ಪಷ್ಟವಾಗಲು ಹತ್ತು ವರ್ಷ ಹಿಡಿಯಿತು. 2003ರಲ್ಲಿ ಅಮೆರಿಕದ ಎರಡು ತಂಡಗಳು ಬೇರೆಬೇರೆಯಾಗಿ ಒಂದೇ ಉತ್ತರ ಕೊಟ್ಟವು: ಮ್ಯಾಕ್ರೋಫೇಜ್, ಅಂದರೆ ಸತ್ತ ಕೋಶಗಳನ್ನೂ ರೋಗಾಣುಗಳನ್ನೂ ನುಂಗುವ ಬಿಳಿ ರಕ್ತಕಣದ ಬಳಗ. ತೆಳು ದೇಹದ ಕೊಬ್ಬಿನಲ್ಲಿರುವ ಕೋಶಗಳ ಪೈಕಿ ಇವು ಶೇ 10ಕ್ಕಿಂತ ಕಡಿಮೆ. ತೀವ್ರ ಬೊಜ್ಜಿನಲ್ಲಿ ಶೇ 40ರ ಆಸುಪಾಸು.

ಆರೋಗ್ಯದ ದಿನಗಳಲ್ಲೂ ಕೊಬ್ಬಿನಲ್ಲಿ ರೋಗನಿರೋಧಕ ಕೋಶಗಳಿಗೆ ಕೊರತೆಯಿಲ್ಲ. ಇಯೋಸಿನೋಫಿಲ್‌ಗಳು, ಶಾಂತ ಸ್ವಭಾವದ ಮ್ಯಾಕ್ರೋಫೇಜ್‌ಗಳು ಮತ್ತು ಉರಿಯೂತವನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ-ಕೋಶಗಳು ಅಲ್ಲಿ ಕೂಡಿ ಬಾಳುತ್ತವೆ. ತಿಂದದ್ದು ಖರ್ಚಿಗಿಂತ ಹೆಚ್ಚಾಗುತ್ತಾ ಹೋದರೆ ಈ ಕೂಡುಬಾಳು ಕೆಡುತ್ತದೆ. ಕೊಬ್ಬಿನ ಕೋಶಗಳು ಊದಿಕೊಂಡು ಅವುಗಳಿಗೆ ಆಮ್ಲಜನಕ ಸಾಲದಾಗುತ್ತದೆ. ಕೋಶಗಳು ಎಂಸಿಪಿ-1 ಎಂಬ ರಾಸಾಯನಿಕ ಸಂದೇಶ ಹೊರಡಿಸುತ್ತವೆ. ಅದರ ಜಾಡು ಹಿಡಿದು ರಕ್ತದಲ್ಲಿ ಹರಿಯುವ ಮಾನೊಸೈಟ್‌ಗಳು ಕೊಬ್ಬಿಗೆ ನುಗ್ಗಿ ಮ್ಯಾಕ್ರೋಫೇಜ್‌ಗಳಾಗುತ್ತವೆ. ನಿಯಂತ್ರಕ ಟಿ-ಕೋಶಗಳ ಸಂಖ್ಯೆ ಕುಗ್ಗಿ, ಕೊಲ್ಲುವ ಕಸುಬಿನ ಸಿಡಿ8 ಟಿ-ಕೋಶಗಳು ಹೆಚ್ಚುತ್ತವೆ.

ಕೊನೆಗೆ ಕೆಲವು ಕೊಬ್ಬಿನ ಕೋಶಗಳು ಸತ್ತೇ ಹೋಗುತ್ತವೆ. ಕೋಶ ಸತ್ತರೂ ಒಳಗಿದ್ದ ಎಣ್ಣೆಯ ಹನಿ ಹಾಗೆಯೇ ಉಳಿಯುತ್ತದೆ. ಒಂದು ಮ್ಯಾಕ್ರೋಫೇಜ್ ನುಂಗಲಾರದಷ್ಟು ದೊಡ್ಡ ಹನಿ ಅದು. ಹಾಗಾಗಿ ಹತ್ತಾರು ಸೇರಿ, ಬೆಲ್ಲದ ಅಚ್ಚಿಗೆ ಇರುವೆ ಮುತ್ತಿದ ಹಾಗೆ, ಅದರ ಸುತ್ತ ಉಂಗುರ ಕಟ್ಟಿ ಸ್ವಲ್ಪಸ್ವಲ್ಪವೇ ಕರಗಿಸುತ್ತವೆ. ಬೊಜ್ಜಿನ ಇಲಿಗಳ ಕೊಬ್ಬಿನಲ್ಲಿರುವ ಮ್ಯಾಕ್ರೋಫೇಜ್‌ಗಳಲ್ಲಿ ಶೇ 90ಕ್ಕಿಂತ ಹೆಚ್ಚಿನವು ಇಂಥ ಸತ್ತ ಕೋಶಗಳ ಸುತ್ತಲೇ ಇರುವುದನ್ನು ಇಟಲಿಯ ಸವೇರಿಯೊ ಚಿಂಟಿ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಈ ಕೆಲಸದ ನಡುವೆ ಒಸರುವ ಟಿಎನ್‌ಎಫ್-ಆಲ್ಫಾದಂಥ ವಸ್ತುಗಳು ಪಕ್ಕದ ಕೋಶಗಳಲ್ಲಿ ಇನ್ಸುಲಿನ್ ಸಂಕೇತಕ್ಕೆ ಅಡ್ಡಿ ಮಾಡುತ್ತವೆ. ಇನ್ಸುಲಿನ್ ರಕ್ತದಲ್ಲಿದ್ದರೂ ಕೋಶ ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ.

ಹಾಗೆಂದು ಈ ಕೋಶಗಳನ್ನು ಖಳರೆಂದು ಕರೆಯುವುದು ಸರಿಯಲ್ಲ. ಅವು ಬಂದದ್ದು ಶುಚಿ ಮಾಡಲಿಕ್ಕೆ. ಟಿಎನ್‌ಎಫ್ ಒಂದನ್ನೇ ತಡೆಯುವ ಔಷಧಿಗಳು ಮಧುಮೇಹಿಗಳಲ್ಲಿ ನಿರೀಕ್ಷಿಸಿದ ಫಲ ಕೊಡಲಿಲ್ಲ. ಕೊಬ್ಬಿನ ಕೋಶಗಳಲ್ಲಿ ಉರಿಯೂತವೇ ಆಗದಂತೆ ಮಾಡಿದ ಇಲಿಗಳ ಆರೋಗ್ಯವಂತೂ ಇನ್ನಷ್ಟು ಹದಗೆಟ್ಟಿತು, ಏಕೆಂದರೆ ಕೊಬ್ಬು ಸರಿಯಾಗಿ ಹಿಗ್ಗಲೂ ಒಂದಿಷ್ಟು ಉರಿಯೂತ ಬೇಕು.

ಇನ್ನು ತೆಳ್ಳಗಿದ್ದವರ ಮಾತು. ಇದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಪುರಾವೆಯಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದಾರೆ. ಅಂದಿನ ಸೂಲಗಿತ್ತಿಯರೂ ದಾದಿಯರೂ ತೋರಿದ ಶ್ರದ್ಧೆ ಇಂದಿನ ವಿಜ್ಞಾನಕ್ಕೆ ದೊರೆತ ಸಂಪತ್ತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ‘ಪಾರ್ಥೆನಾನ್’ ಎಂಬ ಅಧ್ಯಯನ ಶುರುವಾಯಿತು. ಜಿ.ವಿ. ಕೃಷ್ಣವೇಣಿ, ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಬ್ರಿಟನ್ನಿನ ಶಿಶುಗಳಿಗಿಂತ ಮೈಸೂರಿನ ಕೂಸುಗಳು ಹಗುರ, ತೋಳು ಸಣ್ಣ. ಆದರೆ ಬೆನ್ನಿನ ಹೆಗಲೆಲುಬಿನ ಕೆಳಗೆ ಚಿವುಟಿ ಅಳೆದ ಕೊಬ್ಬಿನ ಮಡಿಕೆ ಮಾತ್ರ ಅಷ್ಟು ಕಡಿಮೆಯಿಲ್ಲ. ನಾಲ್ಕನೇ ವರ್ಷಕ್ಕೆ ಆ ಮಡಿಕೆ ಬ್ರಿಟನ್ನಿನ ಮಕ್ಕಳನ್ನೂ ಮೀರಿಸಿತ್ತು.

ಮುಂಡದಲ್ಲಿ ಕೊಬ್ಬು ಕೂಡಿಸುವ ಈ ಒಲವು ಹುಟ್ಟಿನಿಂದಲೇ ಬಂದದ್ದು. ದಕ್ಷಿಣ ಏಷ್ಯಾದವರ ಕೊಬ್ಬಿನ ಕೋಶಗಳು ಯುರೋಪ್ ಮೂಲದವರದಕ್ಕಿಂತ ದೊಡ್ಡವಿರುವುದೂ ಅಧ್ಯಯನಗಳಲ್ಲಿ ಕಂಡಿದೆ. ಊದಿದ ಕೋಶ ಬೇಗ ಬಳಲುತ್ತದೆ, ಮ್ಯಾಕ್ರೋಫೇಜ್‌ಗಳನ್ನು ಕರೆಯುತ್ತದೆ. ಆದ್ದರಿಂದಲೇ ಭಾರತೀಯರಿಗೆ ಬೊಜ್ಜಿನ ಗೆರೆಯನ್ನು ಬಿಎಂಐ 30ರಲ್ಲಿ ಅಲ್ಲ, 25ರಲ್ಲೇ ಎಳೆಯಲಾಗಿದೆ. ತಕ್ಕಡಿಗಿಂತ ದರ್ಜಿಯ ಟೇಪು ಇಲ್ಲಿ ಹೆಚ್ಚು ನಂಬಿಕಸ್ಥ: ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಮುಟ್ಟಿದ್ದರೆ, ಮೈ ಎಷ್ಟೇ ತೆಳ್ಳಗೆ ಕಂಡರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು.