ಮಾರುಕಟ್ಟೆಗೆ ಬಣ್ಣವಿಲ್ಲವೆ?

ಮುಕ್ತ ಮಾರುಕಟ್ಟೆಗೆ ಕುಲವಿಲ್ಲ, ಬಣ್ಣವಿಲ್ಲ. ಅದು ಬಲ್ಲದ್ದು ಬೆಲೆಯನ್ನು ಮಾತ್ರ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಈ ವಾದಕ್ಕೆ ಶಾಸ್ತ್ರೀಯ ಆಧಾರವೂ ಇದೆ. ವರ್ಣದ ಕಾರಣಕ್ಕಾಗಿ ಸಮರ್ಥ ಕೆಲಸಗಾರನನ್ನು ದೂರವಿಡುವ ಮಾಲೀಕನು ತನ್ನ ಪೂರ್ವಗ್ರಹಕ್ಕೆ ತಾನೇ ಬೆಲೆ ತೆರುತ್ತಾನೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1957ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಸ್ಪರ್ಧೆ ತೀವ್ರವಾದಷ್ಟೂ ಅಂಥವನು ಹಿಂದೆ ಬೀಳಬೇಕೆಂಬುದು ಇದರ ಫಲಿತಾರ್ಥ. ಇದರಲ್ಲಿ ಸತ್ಯಾಂಶವಿದೆ. 1890ರಲ್ಲಿ ಲೂಯಿಸಿಯಾನ ರಾಜ್ಯವು ಕಪ್ಪು ವರ್ಣೀಯರಿಗೆ ಪ್ರತ್ಯೇಕ ರೈಲು ಬೋಗಿಯನ್ನು ಕಡ್ಡಾಯಗೊಳಿಸಿದಾಗ, ಅದರ ವೆಚ್ಚ ರೈಲು ಕಂಪನಿಗಳಿಗೇ ಹೊರೆಯಾಯಿತು.

ಹಾಗಾದರೆ ವರ್ಣಭೇದದ ಫಲ ಇನ್ನೂ ಏಕೆ ಅಳಿದಿಲ್ಲ? ಬೆಕರ್ ವಿವರಿಸಿದ್ದು ವ್ಯಕ್ತಿಯ ಪೂರ್ವಗ್ರಹವನ್ನು. ಸಂರಚನಾತ್ಮಕ ವರ್ಣಭೇದವಾದರೋ ಕಾನೂನು, ಸಾಲ, ಆಸ್ತಿಗಳ ಏರ್ಪಾಟಿನಲ್ಲಿ ನೆಲೆಸಿರುತ್ತದೆ.

ಅಮೆರಿಕದ ಗೃಹಸಾಲದ ಚರಿತ್ರೆ ಇದಕ್ಕೆ ಸ್ಪಷ್ಟ ನಿದರ್ಶನ. 1930ರ ದಶಕದಲ್ಲಿ ಅಲ್ಲಿನ ಸರ್ಕಾರಿ ಗೃಹಸಾಲ ನಿಗಮವು ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆಗಳನ್ನು ಸಿದ್ಧಪಡಿಸಿತು. ಉತ್ತಮ ಬಡಾವಣೆಗೆ ಹಸಿರು, ಅಪಾಯಕಾರಿ ಎನಿಸಿದ್ದಕ್ಕೆ ಕೆಂಪು. ಕಪ್ಪು ವರ್ಣೀಯರು ನೆಲೆಸಿದ್ದ ಬಡಾವಣೆಗಳು ಬಹುಮಟ್ಟಿಗೆ ಕೆಂಪಾದವು. 1934ರಲ್ಲಿ ಸ್ಥಾಪನೆಯಾದ ಕೇಂದ್ರ ವಸತಿ ಆಡಳಿತವು ಇಂತಹ ಪ್ರದೇಶಗಳ ಸಾಲಕ್ಕೆ ಖಾತರಿ ನೀಡಲು ಸಾಮಾನ್ಯವಾಗಿ ನಿರಾಕರಿಸಿತು. ಬಿಳಿಯರ ಹೊಸ ಉಪನಗರಗಳಿಗೆ ಉದಾರವಾಗಿ ನೀಡಿತು.

1968ರ ನ್ಯಾಯಯುತ ವಸತಿ ಕಾಯ್ದೆಯು ಮನೆಯ ಮಾರಾಟದಲ್ಲಿಯೂ ಬಾಡಿಗೆಯಲ್ಲಿಯೂ ವರ್ಣಭೇದವನ್ನು ನಿಷೇಧಿಸಿತು. ಆದರೆ ಅಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು. ಸಾಲ ಸಿಕ್ಕವರ ಮನೆಯ ಬೆಲೆ ಏರಿ, ಅದು ಮಕ್ಕಳ ಕಾಲೇಜು ಶುಲ್ಕವಾಯಿತು, ವ್ಯಾಪಾರದ ಬಂಡವಾಳವಾಯಿತು, ಪಿತ್ರಾರ್ಜಿತವಾಯಿತು. ಸಿಗದವರ ಕೈಯಲ್ಲಿ ಬಾಡಿಗೆಯ ರಸೀದಿ ಉಳಿಯಿತು. ಇಲ್ಲಿಂದ ಮುಂದೆ ಯಾರೂ ಯಾರನ್ನೂ ದ್ವೇಷಿಸಬೇಕಾಗಿಲ್ಲ. ಬ್ಯಾಂಕು ಅಡಮಾನವನ್ನಷ್ಟೇ ಕೇಳುತ್ತದೆ. ಕೊಳ್ಳುವವನು ಒಳ್ಳೆಯ ಶಾಲೆಯಿರುವ ಬಡಾವಣೆಯನ್ನಷ್ಟೇ ಹುಡುಕುತ್ತಾನೆ. ಅಲ್ಲಿನ ಸರ್ಕಾರಿ ಶಾಲೆಗಳ ಆದಾಯದ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುವುದರಿಂದ, ಮನೆಯ ಬೆಲೆ ಕುಸಿದಲ್ಲಿ ಶಾಲೆಯೂ ಸೊರಗುತ್ತದೆ; ಶಾಲೆ ಸೊರಗಿದಲ್ಲಿ ಮನೆಯ ಬೆಲೆ ಮತ್ತಷ್ಟು ಕುಸಿಯುತ್ತದೆ. 2022ರ ಫೆಡರಲ್ ರಿಸರ್ವ್ ಸಮೀಕ್ಷೆಯಂತೆ ಬಿಳಿಯ ಕುಟುಂಬಗಳ ಮಧ್ಯಕ ಸಂಪತ್ತು ಸುಮಾರು 2,85,000 ಡಾಲರ್. ಕಪ್ಪು ಕುಟುಂಬಗಳದ್ದು ಸುಮಾರು 44,900.

ಮಾರುಕಟ್ಟೆಯು ಇಂದಿನ ಬೆಲೆಯನ್ನು ಓದುತ್ತದೆ. ಆ ಬೆಲೆ ಹೇಗೆ ರೂಪುಗೊಂಡಿತೆಂದು ಕೇಳುವುದಿಲ್ಲ. ಆದುದರಿಂದಲೇ ಹಳೆಯ ಅನ್ಯಾಯವು ಅಲ್ಲಿ ಸಹಜ ಬೆಲೆಯಂತೆ ತೋರುತ್ತದೆ.

ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಯನ್ನು ಆ ಜನರ ನೋವಿಗೆ ಸಮವೆನ್ನುವುದು ತಪ್ಪಾದೀತು. ಆದರೆ ಒಂದು ಪ್ರಶ್ನೆಯನ್ನು ಅಲ್ಲಿಂದ ಕಲಿಯಬಹುದು. “ಕನ್ನಡ ಮಾಧ್ಯಮಕ್ಕೆ ಬೇಡಿಕೆಯಿಲ್ಲ” ಎಂದು ಯಾರಾದರೂ ಹೇಳಿದಾಗ, ಶಿಕ್ಷಕರ ನೇಮಕ, ಪಠ್ಯಪುಸ್ತಕದ ಪೂರೈಕೆ, ಮುಂದಿನ ಓದಿನ ದಾರಿ ಇವೆಲ್ಲ ಹೇಗಿದ್ದವು ಎಂದು ಪೋಷಕರು ಮೊದಲು ಕೇಳಬೇಕು. ಬೇಡಿಕೆಗೂ ಒಂದು ಚರಿತ್ರೆಯಿರುತ್ತದೆ.